ಸೋಡಾ ಮಷೀನು ಕಾದದ್ದೇಕೆ

ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು.

ಅದನ್ನು ಮೊದಲು ನೋಡಿದವನು ನಮ್ಮ ಚಿತ್ರಮಂದಿರದ ಆಪರೇಟರ್. ಹಳೆಯ ಪ್ರೊಜೆಕ್ಟರಿನ ಹಿತ್ತಾಳೆ ಲೆನ್ಸನ್ನು ಒರೆಸದೆ ಅವನ ದಿನ ಶುರುವಾಗುತ್ತಿರಲಿಲ್ಲ. ಹೊಸ ಡಿಜಿಟಲ್ ಪ್ರೊಜೆಕ್ಟರ್ ಬಂದು, ಹಳೆಯ ಲೆನ್ಸು ಲಾಬಿಯಲ್ಲಿ ಪ್ರದರ್ಶನದ ವಸ್ತುವಾದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಬೆಳಗ್ಗೆ ಬಂದ. ಪೆಟ್ಟಿಗೆಗೆ ಹೊದಿಸಿದ್ದ ಬಟ್ಟೆ ಎತ್ತಿದ. ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟ.

"ದಫೇದಾರಮ್ಮ, ಸ್ವಲ್ಪ ಇಲ್ಲಿ ಬನ್ನಿ" ಎಂದ.

ದಫೇದಾರಮ್ಮ ಅಂದರೆ ನಾನು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಗೋಡೆ ನೋಡುವ ಜಾಯಮಾನ ನನ್ನದಲ್ಲ, ಹಾಗಾಗಿ ಇಲ್ಲಿ ಟಿಕೆಟ್ ಕೊಡುತ್ತೇನೆ. ದುರಸ್ತಿ ಮುಗಿದು ಚಿತ್ರಮಂದಿರ ಅಂದು ಸಂಜೆ ಮತ್ತೆ ಬಾಗಿಲು ತೆರೆಯುವುದಿತ್ತು. ಅಂಥ ದಿನವೇ ಹೀಗಾಗಬೇಕೆ? ಹಳೆಯ ಸಾಮಾನು ಕೂಡಿಡುವ ಶೋಕಿಯವರು ಆ ಲೆನ್ಸಿಗಾಗಿ ಚಿತ್ರಮಂದಿರದ ಯಜಮಾನರ ಹಿಂದೆ ಬಿದ್ದಿದ್ದು, ಯಜಮಾನರು ಅವರನ್ನೆಲ್ಲ ಬೈದು ಕಳಿಸಿದ್ದು ಎಲ್ಲರಿಗೂ ಗೊತ್ತಿತ್ತು.

ಪೊಲೀಸ್ ಠಾಣೆ ಎದುರುಗಡೆಯೇ ಇದೆ. ಇನ್‌ಸ್ಪೆಕ್ಟರ್ ರಸ್ತೆ ದಾಟಿ ಬಂದ. ಚಿಕ್ಕ ವಯಸ್ಸು, ಒಳ್ಳೆಯ ಹುಡುಗ, ಸ್ವಲ್ಪ ಆತುರ. ನಮ್ಮೆಲ್ಲರ ಚೀಲ, ಕಪಾಟು, ಪೇಂಟರಿನ ಬಣ್ಣದ ಡಬ್ಬ, ಕೊನೆಗೆ ನನ್ನ ಊಟದ ಡಬ್ಬ ಕೂಡ ತೆಗೆಸಿ ನೋಡಿದ. ಎಲ್ಲೂ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಮೂಗು ಅರಳಿಸಿದ.

"ಏನೋ ಸುಟ್ಟ ವಾಸನೆ ಬರ್ತಿದೆ."

ಬರುತ್ತಿತ್ತು, ನಿಜ. ಕಾದ ಬಣ್ಣದ ವಾಸನೆ. ಲಾಬಿಯ ಮೂಲೆಯಲ್ಲಿದ್ದ ಸೋಡಾ ಮಷೀನಿನಿಂದ.

*

ಆ ಮಷೀನು ಯಜಮಾನರ ಅಪ್ಪನ ಕಾಲದ್ದು. ಆಳೆತ್ತರ, ಕೆಂಪು ಮೈ, ದುಂಡು ಭುಜ. ನಾಣ್ಯ ಹಾಕಿ ಹಿಡಿ ಎಳೆದರೆ ತಣ್ಣನೆಯ ಬಾಟಲಿಯೊಂದು ಧೊಪ್ಪೆಂದು ಬೀಳುತ್ತದೆ. ಉಗ್ರಾಣದಲ್ಲಿ ಸತ್ತು ಬಿದ್ದಿದ್ದ ಅದಕ್ಕೆ ಜೀವ ಕೊಟ್ಟವನು ನನ್ನ ಅಳಿಯ. ಫ್ರಿಜ್ ರಿಪೇರಿ ಅವನ ಕಸುಬು. ಮೈಗೆ ಬಣ್ಣ ಬಳಿದು, ಲೋಹದ ಭಾಗಗಳನ್ನೆಲ್ಲ ಉಜ್ಜಿ ಫಳಫಳ ಮಾಡಿದವನು ಪೇಂಟರ್.

ಅಳಿಯನಿಗೂ ನನಗೂ ಅಷ್ಟಕ್ಕಷ್ಟೇ. ಅವನ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜೊತೆಗೆ ಅವನದೊಂದು ವಿಚಿತ್ರ ಅಭ್ಯಾಸ. ಕೆಲಸ ಮುಗಿದ ಮೇಲೆ, ಯಾರ ಮಷೀನೋ ಅವರ ಕೈಯನ್ನೇ ಕಂಪ್ರೆಸರಿನ ಮೇಲೆ ಇಡಿಸುತ್ತಾನೆ. "ಕೈ ಇಡಿ ಅತ್ತೆ. ಬೆಚ್ಚಗಿದ್ರೆ ಸರಿ, ಸುಟ್ರೆ ನನ್ನ ತಪ್ಪು." ಮಗಳ ಮದುವೆಯಾದಾಗಿನಿಂದ ನನ್ನ ಫ್ರಿಜ್ಜಿನ ಬೆನ್ನು ಸವರಿ ಸವರಿ ಸಾಕಾಗಿದೆ. ಅವನು ನನ್ನ ಮನೆಯಲ್ಲಿ ಕೆಲಸ ಮಾಡುವಷ್ಟು ಹೊತ್ತೂ ನಾನು ಬೆನ್ನ ಹಿಂದೆ ನಿಂತಿರುತ್ತೇನೆ. ಮನೆಯ ಒಂದು ಬೀಗದ ಕೈ ಅವನ ಹತ್ತಿರ ಇರಲಿ ಎಂದು ಮಗಳು ಎಷ್ಟೋ ಸಲ ಕೇಳಿದ್ದಾಳೆ. ನೋಡೋಣ ಎಂದಿದ್ದೇನೆ.

ಮ್ಯಾನೇಜರ್ ಫೋನ್ ಮಾಡಿದ. ಅಳಿಯ ಓಡಿಬಂದ. ಹಿಂದಿನ ದಿನ ಅದನ್ನು ಸರಿಮಾಡಿ, ಬಾಟಲಿಗಳು ತಣ್ಣಗಾಗಲಿ ಎಂದು ಓಡಲು ಬಿಟ್ಟು ಹೋದವನು ಅವನೇ. ಸೊಂಟದ ಕೀಲಿಗೊಂಚಲಿನಿಂದ ಮಷೀನಿನ ಹಿಂಬಾಗಿಲು ತೆಗೆದ. ಬಿಸಿ ಹವೆ ನನ್ನ ಮುಖಕ್ಕೂ ಬಡಿಯಿತು. ಒಳಗೆ ಕೊಡದಂಥ ಕಪ್ಪು ಕಂಪ್ರೆಸರ್, ಅದರಾಚೆ ಕೊಳವೆಗಳ ಸುರುಳಿ, ಅದರಾಚೆ ಫ್ಯಾನಿನ ಮೋಟಾರು. ಅಳಿಯ ಟಾರ್ಚ್ ಬಿಟ್ಟ.

"ಫ್ಯಾನಿನ ಕೆಳಗೆ ಏನೋ ಇದೆ" ಎಂದು ಕೊಳವೆಗಳ ಸಂದಿಯಲ್ಲಿ ತೋಳು ತೂರಿಸಿದ. ಹಳದಿ ಬಟ್ಟೆಯ ಗಂಟೊಂದು ಹೊರಗೆ ಬಂತು. ಎಲ್ಲರ ಎದುರಿಗೇ ಬಿಚ್ಚಿದ. ಲೆನ್ಸು.

"ಈ ಬಾಗಿಲಿನ ಕೀಲಿ ಯಾರ್ಯಾರ ಹತ್ರ ಇದೆ?" ಇನ್‌ಸ್ಪೆಕ್ಟರ್ ಕೇಳಿದ.

"ನನ್ನ ಹತ್ರ ಒಂದೇ ಸಾರ್."

ನಾನು ಹಣೆ ಹಣೆ ಚಚ್ಚಿಕೊಂಡೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅಳಿಯನನ್ನು ರಸ್ತೆ ದಾಟಿಸಿ ಕರೆದೊಯ್ದರು.

*

ಇನ್‌ಸ್ಪೆಕ್ಟರಿನ ಲೆಕ್ಕ ಸರಳವಾಗಿತ್ತು. ಅಳಿಯ ಹಿಂದಿನ ದಿನ ಕೆಲಸ ಮಾಡುತ್ತಲೇ ಲೆನ್ಸು ಎಗರಿಸಿ ಮಷೀನಿನೊಳಗೆ ಇಟ್ಟ. ಗೇಟಿನಲ್ಲಿ ಕಾವಲುಗಾರ ಪ್ರತಿಯೊಬ್ಬರ ಚೀಲ ನೋಡುತ್ತಾನೆ, ಅದಕ್ಕೆ ಹೊರಗೆ ಒಯ್ಯಲಿಲ್ಲ. ಮುಂದೆ ಸರ್ವೀಸಿಗೆ ಬಂದಾಗ ಸಾಗಿಸುವ ಯೋಚನೆ. ಆದರೆ ಗಂಟು ಗಾಳಿಗೆ ಅಡ್ಡವಾಯಿತು, ಮಷೀನು ಕಾದಿತು, ಕಳ್ಳ ಸಿಕ್ಕಿಬಿದ್ದ.

"ಇಷ್ಟೇ ಕಥೆ ಅಮ್ಮ" ಎಂದ. "ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ನಿಮ್ಮ ಅಳಿಯ ಅಂತ ನಂಗೂ ಬೇಜಾರು."

ಅಷ್ಟರಲ್ಲಿ ಮಗಳ ಫೋನ್ ಬಂತು. ಅತ್ತಿದ್ದಳು ಅನ್ನುವುದು ದನಿಯಲ್ಲೇ ಗೊತ್ತಾಯಿತು. ಸುದ್ದಿ ಆಗಲೇ ಬೀದಿ ಬೀದಿ ಸುತ್ತಿ ಬಂದಿತ್ತು. ಅಂದು ರಿಪೇರಿಗೆ ಬರಹೇಳಿದ್ದ ಮನೆಯವರು ಬರುವುದು ಬೇಡ ಎಂದಿದ್ದರು. ಆ ಓಣಿಯ ಇನ್ನೊಂದು ಮನೆಯವರೂ ಬೇಡ ಎಂದಿದ್ದರು.

"ಅಮ್ಮ, ಅವ್ರು ಮನೆ ಒಳಗೆ ಹೋಗಿ ಕೆಲಸ ಮಾಡೋರು. ಕಳ್ಳ ಅಂತ ಒಂದ್ಸಲ ಹೆಸರು ಬಂದ್ರೆ, ಕೋರ್ಟು ಬಿಟ್ರೂ ಜನ ಬಾಗಿಲು ತೆಗೀತಾರಾ?"

ತೆಗೆಯುವುದಿಲ್ಲ. ಅಷ್ಟು ನನಗೂ ಗೊತ್ತು. ಅಡುಗೆಮನೆ, ಮಲಗುವ ಕೋಣೆ ಎಲ್ಲ ಬಿಟ್ಟುಕೊಡಬೇಕಾದ ಕಸುಬು ಅವನದು. ಅವನ ಬಂಡವಾಳ ಸ್ಪ್ಯಾನರ್ ಅಲ್ಲ, ಹೆಸರು. ಮಗಳಿಗೆ ಧೈರ್ಯ ಹೇಳಿ ಫೋನ್ ಇಟ್ಟೆ.

ಆಗಲೇ ಆ ಸದ್ದು ಕೇಳಿತು. ಟಕ್.

ಸೋಡಾ ಮಷೀನು ಗುಂಯ್‌ಗುಡುವುದು ನಿಂತಿತು. ಮ್ಯಾನೇಜರ್ ಅದನ್ನು ಮತ್ತೆ ಚಾಲೂ ಮಾಡಿದ್ದ, ಸಂಜೆಗೆ ಸೋಡಾ ತಣ್ಣಗಿರಬೇಕಲ್ಲ. ಅದು ಮತ್ತೆ ಕಾದು ತಾನಾಗಿಯೇ ನಿಂತಿತ್ತು. ತೆರೆದೇ ಇದ್ದ ಹಿಂಬಾಗಿಲಿನಿಂದ ಕೈ ಚಾಚಿದೆ. ಕಂಪ್ರೆಸರನ್ನು ಮುಟ್ಟುವ ಮೊದಲೇ ಬಿಸಿ ಬೆರಳಿಗೆ ತಾಗಿತು.

ನಾನು ಕೈ ಹಿಂದಕ್ಕೆ ಎಳೆದುಕೊಂಡು ಯೋಚಿಸಿದೆ. ಗಾಳಿಗೆ ಅಡ್ಡವಾಗಿದ್ದ ಗಂಟು ಠಾಣೆಯ ಮೇಜಿನ ಮೇಲಿದೆ. ಮತ್ತೆ ಇದು ಯಾಕೆ ಕಾಯುತ್ತಿದೆ?

*

ಲಾಕಪ್ಪಿನಲ್ಲಿ ಅಳಿಯ ಗೋಡೆಗೆ ಒರಗಿ ಕೂತಿದ್ದ. ಮುಖ ಸಪ್ಪಗಿತ್ತು. ಮಷೀನು ಇನ್ನೂ ಕಾಯುತ್ತಿದೆ ಎಂದಾಗ ಎದ್ದು ನಿಂತ.

"ಗಂಟು ತೆಗೆದ ಮೇಲೂನಾ? ಸಾಧ್ಯ ಇಲ್ಲ ಅತ್ತೆ. ನಿನ್ನೆ ಮಧ್ಯಾಹ್ನದಿಂದ ಸಂಜೆವರೆಗೂ ಓಡ್ಸಿದೀನಿ. ಹೋಗೋ ಮುಂಚೆ ಯಜಮಾನ್ರ ಕೈ ಇಡಿಸ್ದೆ. ಬೆಚ್ಚಗಿತ್ತು, ಅಷ್ಟೇ."

ಜೈಲಿಗೆ ಹೋಗುವುದಕ್ಕಿಂತ ಆ ಮಷೀನಿನದೇ ಚಿಂತೆ ಅವನಿಗೆ. ಬೈಯಬೇಕೆನಿಸಿತು. ಬೈಯಲಿಲ್ಲ. ಕಂಪ್ರೆಸರ್ ಯಾಕೆಲ್ಲ ಕಾಯುತ್ತದೆ, ನನಗೆ ತಿಳಿಯುವ ಹಾಗೆ ಹೇಳು ಎಂದೆ.

ಅವನು ಸಾವಕಾಶವಾಗಿ ಹೇಳಿದ. ಕರೆಂಟು ಕಮ್ಮಿಯಾದರೆ ಕಂಪ್ರೆಸರ್ ಏದುಸಿರು ಬಿಡುತ್ತಾ ಕಾಯುತ್ತದೆ. ಬಿಸಿ ಹೊರಹಾಕುವ ಕೊಳವೆಗಳ ಸುರುಳಿಗೆ ಧೂಳು ಕಟ್ಟಿದರೆ ಕಾಯುತ್ತದೆ. ಚಾಲೂ ಮಾಡುವ ರಿಲೇ ಕೆಟ್ಟರೆ ಶುರುವಿನಲ್ಲೇ ಹೆಣಗಾಡುತ್ತದೆ. ಇದೆಲ್ಲ ಸರಿಯಿದ್ದರೆ ಫ್ಯಾನಿನ ಗಾಳಿ ನೋಡಬೇಕು. ಒಂದೊಂದನ್ನೇ ನೋಡಿ, ಒಂದೊಂದನ್ನೇ ಬಿಡುತ್ತಾ ಬನ್ನಿ ಎಂದ.

ಅದನ್ನು ನನಗೆ ಹೇಳಿಕೊಡಬೇಕೆ? ಇಡೀ ಆಯುಷ್ಯ ನಾನು ಮಾಡಿದ್ದೇ ಅದು. ಅನುಮಾನ ಬಂದವರನ್ನು ಕೂರಿಸುವುದು, ಸುಮ್ಮನೆ ಸಿಕ್ಕಿಕೊಂಡವರನ್ನು ಎಬ್ಬಿಸಿ ಕಳಿಸುವುದು.

*

ಮೊದಲು ಕರೆಂಟು.

ಲಾಬಿಯ ತುಂಬ ಮ್ಯಾನೇಜರ್ ಬಣ್ಣದ ದೀಪದ ಸರ ಬಿಗಿಸಿದ್ದ. ಎಲ್ಲಕ್ಕೂ ಕರೆಂಟು ಸೋಡಾ ಮಷೀನಿನ ಲೈನಿನಿಂದಲೇ ಹೋಗಿತ್ತು. ಆರಿಸು ಎಂದರೆ ಆಗಲ್ಲ ಎಂದ. ಯಾಕೆ ಎಂದರೆ ನಿಮಗ್ಯಾಕೆ ಎಂದ. ಮುಖ ಬೆವರುತ್ತಿತ್ತು. ನನ್ನ ಅನುಮಾನಕ್ಕೆ ರೆಕ್ಕೆ ಬಂತು. ಹಿಂದಿನ ರಾತ್ರಿ ಇವನೂ ಇಲ್ಲೇ ಉಳಿದಿದ್ದವನು.

ನಾನೇ ಹೋಗಿ ಸ್ವಿಚ್ ಆರಿಸಿದೆ. ಮತ್ತೆ ಹಾಕಿದರೆ ಅರ್ಧ ಸರ ಹೊತ್ತಲೇ ಇಲ್ಲ. ಇದಕ್ಕೇ ಆತ ಬೆವರಿದ್ದು. ಒಮ್ಮೆ ಆರಿಸಿದರೆ ಮತ್ತೆ ಉರಿಯದ ಅಗ್ಗದ ಮಾಲು ತಂದು ಯಜಮಾನರ ಕಣ್ಣಿಗೆ ಬೀಳದಂತೆ ಕಾಯುತ್ತಿದ್ದ. ಪಾಪದವನು. ಗೊಣಗಾಟವೊಂದೇ ಬಂಡವಾಳ. ಆಪರೇಟರ್ ತನ್ನ ಮೀಟರ್ ತಂದು ಕರೆಂಟು ಅಳೆದ. ಸರಿಯಾಗಿಯೇ ಇತ್ತು. ದೀಪವಿಲ್ಲದೆಯೂ ಮಷೀನು ಕಾದಿತು. ಟಕ್.

ಆಪರೇಟರಿನ ಮೇಲೂ ನನ್ನ ಕಣ್ಣಿತ್ತು. ಆ ಲೆನ್ಸು ಅವನಿಗೆ ಮಗುವಿನ ಹಾಗೆ. ಅದನ್ನು ಪ್ರೊಜೆಕ್ಟರಿನಿಂದ ಕಳಚಿದ ದಿನ ಊಟ ಬಿಟ್ಟಿದ್ದ. ಮಷೀನು ಬಿಚ್ಚುವ ಕೈಚಳಕವೂ ಉಂಟು. ಮನೆಗೆ ಒಯ್ದು ಇಟ್ಟುಕೊಳ್ಳುವ ಆಸೆ ಬಂದಿದ್ದರೆ? ನೇರವಾಗಿ ಕೇಳಿಯೇಬಿಟ್ಟೆ.

ಅವನು ಸಿಟ್ಟಾಗಲಿಲ್ಲ. "ಅದನ್ನ ಯಂತ್ರದ ಬಿಸಿಗೆ ಇಡ್ತಿದ್ನಾ ದಫೇದಾರಮ್ಮ? ಬಿಸಿ ತಾಗಿದ್ರೆ ಲೆನ್ಸಿನ ಒಳಗಿನ ಅಂಟು ಬಿಟ್ಟೋಗುತ್ತೆ" ಎಂದ. ಮಾತು ಒಪ್ಪುವಂಥದ್ದೇ. ಆದರೂ ಮನಸ್ಸಿನ ಮೂಲೆಯಲ್ಲಿ ಅವನನ್ನು ಕೂರಿಸಿಯೇ ಇಟ್ಟೆ.

ಕೊಳವೆಗಳ ಸುರುಳಿಯ ಮೇಲೆ ಬೆರಳಾಡಿಸಿದೆ. ಧೂಳಿಲ್ಲ. ಹೊಸದರಂತೆ ತೊಳೆದಿದ್ದ ಅಳಿಯ. ಮಷೀನು ತಣಿದ ಮೇಲೆ ಮತ್ತೆ ಚಾಲೂ ಮಾಡಿದೆ. ಹೆಣಗಾಡದೆ ಒಂದೇ ಉಸಿರಿಗೆ ಶುರುವಾಯಿತು. ರಿಲೇಯೂ ಸರಿ. ನನ್ನ ಅನುಮಾನದ ಪಟ್ಟಿಯಿಂದ ಒಂದೊಂದೇ ಎದ್ದು ಹೋಗುತ್ತಿತ್ತು.

ಪೇಂಟರ್ ಎರಡು ಲೋಟ ಟೀ ಹಿಡಿದು ಬಂದ. ಈ ಚಿತ್ರಮಂದಿರದ ಬೋರ್ಡುಗಳನ್ನೆಲ್ಲ ಪ್ರಾಯದಿಂದಲೂ ಬರೆದವನು. ಸೊಗಸಾದ ಕೈ. ಅಂದು ಬಾಲ್ಕನಿಯ ಬಾಗಿಲಿಗೆ ಕೆನೆ ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದ. ನನ್ನ ಲೋಟವನ್ನು ಮೇಜಿನ ಮೇಲಿಟ್ಟು, ಅದರ ಹೂವಿನ ಚಿತ್ರ ನನ್ನ ಕಡೆ ಬರುವಂತೆ ತಿರುಗಿಸಿದ.

"ನಿಮ್ಮ ಅಳಿಯ ಒಳ್ಳೇವನು. ಏನೋ ಕೆಟ್ಟ ಗಳಿಗೆ" ಎಂದ. ಮಾತಾಡುತ್ತಲೇ ಮಷೀನಿನ ಗಾಜಿನ ಕಿಟಕಿ ತೆಗೆದು, ಒಳಗೆ ಅಡ್ಡಾದಿಡ್ಡಿಯಾಗಿದ್ದ ಬಾಟಲಿಗಳ ಚೀಟಿಗಳೆಲ್ಲ ಮುಂದಕ್ಕೆ ಬರುವಂತೆ ಸರಿಮಾಡಿದ. ಅತ್ತ ಮ್ಯಾನೇಜರ್ ಕೂಗಾಡಿದ. ಬಣ್ಣದಂಗಡಿಯವನು ಆ ಕೆನೆ ಬಣ್ಣದ ಡಬ್ಬ ಕಳಿಸಿದ್ದೇ ನಿನ್ನೆ ಯಜಮಾನರೆಲ್ಲ ಹೋದ ಮೇಲೆ, ಇನ್ನೂ ಒಂದು ಬಾಗಿಲೂ ಮುಗಿದಿಲ್ಲ, ಕಥೆ ಹೊಡೆಯುವುದು ಸಾಕು ಎಂದು. ಪೇಂಟರ್ ನಕ್ಕು ಎದ್ದುಹೋದ.

ಉಳಿದದ್ದು ಗಾಳಿ. ಟಿಕೆಟ್ ಪುಸ್ತಕದಿಂದ ಒಂದು ಹಾಳೆ ಹರಿದು, ಹಿಂದಿನಿಂದ ಕೊಳವೆಗಳ ಹತ್ತಿರ ಹಿಡಿದೆ. ಫ್ಯಾನು ಭರ್ ಎಂದು ತಿರುಗುತ್ತಿತ್ತು. ಹಾಳೆ ಮಾತ್ರ ನಿದ್ದೆಗಣ್ಣಿನವರ ಹಾಗೆ ತೂಗಿತು, ಅಷ್ಟೇ.

*

"ಫ್ಯಾನ್ ತಿರುಗ್ತಿದೆ, ಗಾಳಿ ಇಲ್ಲ" ಎಂದೆ ಲಾಕಪ್ಪಿನ ಕಂಬಿ ಹಿಡಿದು.

ಅಳಿಯ ಹುಬ್ಬು ಗಂಟಿಕ್ಕಿದ. "ಫ್ಯಾನಿನ ಬ್ಲೇಡಿಗೆ ಎರಡು ಮುಖ ಇದೆ ಅತ್ತೆ. ಒಂದು ಮಂಕು, ಒಂದು ಹೊಳಪು. ಮಂಕು ಮುಖ ಮುಂದಿರ್ಬೇಕು. ತಿರುಗಿಸಿ ಹಾಕಿದ್ರೆ ಬ್ಲೇಡು ಅದರ ಸುತ್ತ ಇರೋ ತಗಡಿನ ಬಳೆಯಿಂದ ಈಚೆಗೆ ಬಂದ್ಬಿಡುತ್ತೆ, ಗಾಳಿಗೆ ಹಿಡಿತ ಸಿಗಲ್ಲ. ಮುಂದಿನ ಜಾಲರಿ ತೆಗೆದು ನೋಡಿ."

"ಅದರ ಕೀಲಿ ಎಲ್ಲಿ?"

"ಅದಕ್ಕೆ ಬೀಗ ಇಲ್ವಲ್ಲ. ಮೇಲಕ್ಕೆತ್ತಿ ಎಳೆದ್ರೆ ಬರುತ್ತೆ."

ನಾನು ಅವನನ್ನೇ ನೋಡಿದೆ.

"ಮುಂದಿನಿಂದ ಯಾರು ಬೇಕಾದ್ರೂ ತೆಗೀಬಹುದಾ? ಇದನ್ನ ಇನ್‌ಸ್ಪೆಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ಅವ್ರು ಹಿಂದಿನ ಬಾಗಿಲಿನ ಕೀಲಿ ಕೇಳಿದ್ರು ಅತ್ತೆ."

ದೇವರೇ, ನನಗೆ ತಾಳ್ಮೆ ಕೊಡು. ಹಲ್ಲು ಕಡಿದುಕೊಂಡು ಕೇಳಿದೆ, ಮುಂದಿನಿಂದ ಗಂಟು ಒಳಗಿಡಲು ಸಾಧ್ಯವೇ ಎಂದು. ಫ್ಯಾನಿನ ಬ್ಲೇಡು ಅಡ್ಡ ಇದೆ, ಕೈ ಹೋಗುವುದಿಲ್ಲ, ಬ್ಲೇಡು ಕಳಚಿದರೆ ಹೋಗುತ್ತದೆ ಎಂದ. ನಡುವಿನ ಒಂದು ಸ್ಕ್ರೂ ಸಡಿಲಿಸಿದರೆ ಬ್ಲೇಡು ಕೈಗೆ ಬರುತ್ತದಂತೆ.

ಈ ಸಲ ನಾನೊಬ್ಬಳೇ ವಾಪಸು ಹೋಗಲಿಲ್ಲ. ಇನ್‌ಸ್ಪೆಕ್ಟರನ್ನು ಎಬ್ಬಿಸಿಕೊಂಡು ಹೊರಟೆ. ಬರುವುದಿಲ್ಲ ಎಂದ. ಬರುವವರೆಗೂ ಇಲ್ಲೇ ಕೂರುತ್ತೇನೆ ಎಂದೆ. ನಾನು ಕೂತರೆ ಏಳುವವಳಲ್ಲ ಎಂದು ಠಾಣೆಯ ಗೋಡೆಗಳಿಗೂ ಗೊತ್ತು. ಬಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತು. ಜಾಲರಿ ಎತ್ತಿ ಎಳೆದೆ, ಬಂತು. ಅದರ ಪಟ್ಟಿಗಳ ಹಿಂದಿದ್ದ ಬ್ಲೇಡು ಕನ್ನಡಿಯಂತೆ ಮಿನುಗುತ್ತಿತ್ತು. ಹೊಳಪು ಮುಖ ಮುಂದೆ. ನಡುವಿನ ಸ್ಕ್ರೂವಿನ ತಲೆ ಗೀರಿಹೋಗಿತ್ತು. ಅದರ ಸೀಳಿನಲ್ಲಿ ಒಣಗಿದ ಬಣ್ಣದ ಚೂರೊಂದು ಕೂತಿತ್ತು.

"ಈ ಮಷೀನು ಕೆಂಪು. ಇದರಲ್ಲಿ ಈ ಬಣ್ಣ ಎಲ್ಲಾದ್ರೂ ಇದೆಯಾ ಸಾರ್?" ಎಂದೆ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ. ಮೊದಲ ಸಲ ಅವನ ಆತುರ ಇಳಿದದ್ದು ಕಂಡಿತು. ಆ ಸ್ಕ್ರೂ ಕಾಗದದ ಪೊಟ್ಟಣದಲ್ಲಿ ಅವನ ಜೇಬು ಸೇರಿತು. ಅಂಥದ್ದೇ ಇನ್ನೊಂದನ್ನು ಅಳಿಯ ಅಲ್ಲೇ ಬಿಟ್ಟುಹೋಗಿದ್ದ ರಿಪೇರಿ ಸಾಮಾನಿನ ಪೆಟ್ಟಿಗೆಯಿಂದ ಹುಡುಕಿ ತೆಗೆದೆ.

ಆಮೇಲೆ ಯಜಮಾನರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ನಿನ್ನೆ ಹೊರಡುವಾಗ ಕಂಪ್ರೆಸರ್ ಮುಟ್ಟಿ ನೋಡಿದಿರಾ?

"ಮುಟ್ಟಿಸ್ದೆ ಬಿಡ್ತಾನಾ ನಿಮ್ಮ ಅಳಿಯ? ಬೆಚ್ಚಗಿತ್ತು. ಆಮೇಲೆ ಇಬ್ರೂ ಜೊತೇಲೇ ಹೊರಟ್ವಿ. ಅವನನ್ನ ಮನೆ ಹತ್ರ ನಾನೇ ಇಳಿಸ್ದೆ."

ಗೇಟಿನ ಕಾವಲುಗಾರನೂ ಅದನ್ನೇ ಹೇಳಿದ. ಅಳಿಯ ಮತ್ತೆ ಬಂದಿರಲಿಲ್ಲ. ಆಮೇಲೆ ಒಳಗೆ ಉಳಿದವರು ಮ್ಯಾನೇಜರ್, ಆಪರೇಟರ್, ಪೇಂಟರ್.

*

ಊಟ ಮುಗಿಸಿ ಮೂವರೂ ಲಾಬಿಗೆ ಬಂದರು. ಯಜಮಾನರೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಇನ್‌ಸ್ಪೆಕ್ಟರ್ ಕಂಬಕ್ಕೆ ಒರಗಿ ನಿಂತ. ಜಾಲರಿ ಕೆಳಗಿತ್ತು. ಕಳಚಿದ ಬ್ಲೇಡು ಟಿಕೆಟ್ ಮೇಜಿನ ಮೇಲಿತ್ತು, ಪಕ್ಕದಲ್ಲಿ ಹೊಸ ಸ್ಕ್ರೂ.

"ಅಳಿಯ ಒಳಗಿದ್ದಾನೆ. ಸಂಜೆಗೆ ಮಷೀನು ಓಡ್ಬೇಕು. ಇದನ್ನ ಬಿಚ್ಚಿ ಒರೆಸಿದೆ, ಹಾಕೋಕೆ ಬರ್ತಿಲ್ಲ. ಯಾರಾದ್ರೂ ಹಾಕಿಕೊಡಿ" ಎಂದೆ.

ಮ್ಯಾನೇಜರ್ ಬ್ಲೇಡನ್ನು ಊಟದ ತಟ್ಟೆಯ ಹಾಗೆ ಹಿಡಿದ. ಅತ್ತ ಇತ್ತ ತಿರುಗಿಸಿದ. ಕೈಗೆ ಮಸಿ ಹತ್ತುತ್ತದೆ ಎಂದು ವಾಪಸು ಇಟ್ಟ.

ಆಪರೇಟರ್ ಎತ್ತಿಕೊಂಡ. ಅದರ ರೆಕ್ಕೆಗಳ ಬಾಗನ್ನು ಬೆರಳಿನಿಂದ ಸವರಿ ನೋಡಿದ. ನನ್ನ ಪ್ರೊಜೆಕ್ಟರಿನೊಳಗೂ ಇಂಥದ್ದೇ ಇತ್ತು ಎಂದು ಹೇಳುತ್ತಾ ಮಂಕು ಮುಖ ಮುಂದೆ ಮಾಡಿ ಮೋಟಾರಿನ ದಂಡಕ್ಕೆ ತೂರಿಸಿದ. ಸ್ಕ್ರೂ ಬಿಗಿಯಬೇಕು, ಅಷ್ಟರಲ್ಲಿ ಪೇಂಟರ್ ತಡೆದ.

"ಇರಿ ಇರಿ, ಉಲ್ಟಾ ಹಾಕ್ತಿದ್ದೀರಲ್ಲ. ಉಜ್ಜಿ ಉಜ್ಜಿ ಈ ಮುಖಕ್ಕೆ ಹೊಳಪು ತಂದಿದ್ದು ಒಳಗೆ ಬಚ್ಚಿಡೋಕಾ?"

ಅವನ ಕೈ ತಾನಾಗಿಯೇ ಮುಂದೆ ಬಂತು. ಬ್ಲೇಡು ಎಳೆದು ತಿರುಗಿಸಿದ. ಹೊಳಪು ಮುಖ ನಮ್ಮನ್ನು ನೋಡಿತು. ಜೇಬಿನಿಂದ ಬಣ್ಣ ಕೆರೆಯುವ ಚಪ್ಪಟೆ ಚಾಕು ತೆಗೆದು ಸ್ಕ್ರೂ ಬಿಗಿದ. ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. ತೃಪ್ತಿಯಾಗಿತ್ತು ಅವನಿಗೆ.

ಇನ್‌ಸ್ಪೆಕ್ಟರ್ ಕಂಬ ಬಿಟ್ಟು ಬಂದು ಆ ಚಾಕು ತೆಗೆದುಕೊಂಡ. ಅದರ ತುದಿಯಲ್ಲಿ ಕೆನೆ ಬಣ್ಣ ಒಣಗಿತ್ತು. ಈಗ ಬಿಗಿದ ಸ್ಕ್ರೂವಿನ ತಲೆಯಲ್ಲೂ ಅದೇ ಬಗೆಯ ಗೀರು, ಅದೇ ಬಣ್ಣದ ಚೂರು. ಜೇಬಿನ ಪೊಟ್ಟಣ ಬಿಚ್ಚಿ, ಹಳೆಯ ಸ್ಕ್ರೂವನ್ನು ಪಕ್ಕಕ್ಕೆ ಹಿಡಿದ.

ಪೇಂಟರಿನ ಮುಖದ ರಕ್ತ ಇಳಿದುಹೋಯಿತು.

"ಏನಮ್ಮ ಇದು? ನಂಗೊಂದೂ ಅರ್ಥ ಆಗ್ತಿಲ್ಲ" ಎಂದರು ಯಜಮಾನರು.

ನಾನು ಹೇಳಿದೆ. ನಿನ್ನೆ ಸಂಜೆ ನಿಮ್ಮ ಕೈಗೆ ಬೆಚ್ಚಗೆ ತಾಗಿದ ಮಷೀನು ಇಂದು ಸುಡುತ್ತಿದೆ. ಲೆನ್ಸು ಅಡ್ಡವಾದ್ದರಿಂದ ಕಾದಿದ್ದರೆ, ಅದನ್ನು ತೆಗೆದ ಮೇಲೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಕಾದದ್ದು ಬ್ಲೇಡು ತಿರುಗಿದ್ದಕ್ಕೆ. ಬ್ಲೇಡು ನಿನ್ನೆ ಸಂಜೆಯೇ ತಿರುಗಿದ್ದಿದ್ದರೆ ನಿಮ್ಮ ಕೈ ಸುಡುತ್ತಿತ್ತು. ಅಂದರೆ ಅದನ್ನು ಕಳಚಿ ಹಾಕಿದ್ದು ನನ್ನ ಅಳಿಯ ನಿಮ್ಮ ಜೊತೆ ಹೋದ ಮೇಲೆ. ಹಿಂಬಾಗಿಲಿನ ಕೀಲಿ ಇದ್ದವನು ಬ್ಲೇಡಿನ ತಂಟೆಗೆ ಹೋಗಬೇಕಾಗಿಯೇ ಇಲ್ಲ. ಕೀಲಿ ಇಲ್ಲದವನು, ಮುಂದಿನ ಜಾಲರಿಗೆ ಬೀಗವಿಲ್ಲ ಎಂದು ಬಲ್ಲವನು, ಅದನ್ನು ಕಳಚಿ ಕೈ ತೂರಿಸಿದ. ಜಾಲರಿಯನ್ನು ಮನಸಾರೆ ಉಜ್ಜಿದವನಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು? ಕೆನೆ ಬಣ್ಣದ ಡಬ್ಬ ಬಂದದ್ದೂ ನೀವು ಹೋದ ಮೇಲೆಯೇ.

"ಇನ್ನು ತಿರುಗಿ ಹಾಕಿದ್ದು" ಎಂದೆ ಪೇಂಟರಿನ ಕಡೆ ನೋಡಿ. "ಕದಿಯೋ ಅವಸರದಲ್ಲೂ ನಿಮ್ಮ ಕೈ ಚೆಂದದ ಮುಖಾನೇ ಮುಂದಿಡ್ತು ಅಣ್ಣ. ಟೀ ಲೋಟಾನೂ ಹಾಗೇ ಇಡ್ತೀರಿ, ಬಾಟಲೀನೂ ಹಾಗೇ. ಅಷ್ಟೊಂದು ಅಂದ ನೋಡದೆ ಇದ್ದಿದ್ರೆ ಮಷೀನು ಕಾಯ್ತಿರ್ಲಿಲ್ಲ. ನಾವು ನಿಮ್ಮ ಡಬ್ಬ ಒಮ್ಮೆ ಹುಡುಕಿ ಬಿಟ್ಟಾಗಿತ್ತು. ಸಂಜೆ ನೀವು ಲೆನ್ಸನ್ನ ಅದರೊಳಗೆ ಹಾಕಿ, ಏಣಿ, ಡಬ್ಬ ಗಾಡಿಗೆ ತುಂಬೋವಾಗ ಯಾರೂ ಎರಡನೇ ಸಲ ನೋಡ್ತಿರ್ಲಿಲ್ಲ."

ಪೇಂಟರ್ ಸುಳ್ಳು ಹೇಳಲು ಬಾಯಿ ತೆರೆದ. ಆ ಎರಡು ಸ್ಕ್ರೂಗಳನ್ನು ನೋಡಿ ಮುಚ್ಚಿದ. ಮೆಟ್ಟಿಲ ಮೇಲೆ ಕುಸಿದು ಕೂತ. ಶೋಕಿಯವರೊಬ್ಬರು ಅವನ ಹಿಂದೆ ಬಿದ್ದಿದ್ದರಂತೆ. ಇನ್ನು ಮುಂದೆ ಬೋರ್ಡುಗಳನ್ನೆಲ್ಲ ಪ್ರಿಂಟ್ ಮಾಡಿಸುತ್ತಾರೆ, ಇದೇ ಇಲ್ಲಿನ ಕೊನೆಯ ಕೆಲಸ ಎಂದು ಮ್ಯಾನೇಜರ್ ಹೇಳಿದ ದಿನ ಒಪ್ಪಿಕೊಂಡನಂತೆ. ಯಜಮಾನರು ತಲೆ ತಗ್ಗಿಸಿದರು.

ನನಗೂ ಅಯ್ಯೋ ಅನಿಸಿತು. ಆದರೆ ಒಂದು ಮಾತು ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

"ಬೆಳಗ್ಗೆ ಅವನನ್ನ ಎಳ್ಕೊಂಡು ಹೋದಾಗ ನೀವು ಅಲ್ಲೇ ನಿಂತಿದ್ರಲ್ಲ. ಆಮೇಲೆ ನಂಗೆ ಟೀ ತಂದುಕೊಟ್ರಿ. ಹೇಗೆ ಮನಸ್ಸು ಬಂತು?"

ಪೇಂಟರ್ ತಲೆ ಎತ್ತಲಿಲ್ಲ. "ಅವನಿಗೆ ನೀವಿದ್ದೀರಲ್ಲ ಅನ್ಕೊಂಡೆ" ಎಂದ.

ಇನ್‌ಸ್ಪೆಕ್ಟರ್ ಅವನ ಭುಜ ಹಿಡಿದು ಎಬ್ಬಿಸಿದ.

*

ಬಿಟ್ಟ ಕೂಡಲೇ ಅಳಿಯ ಮನೆಗೆ ಹೋಗಲಿಲ್ಲ. ಹೆಂಡತಿಗೆ ಫೋನ್ ಮಾಡಿ, ನೇರ ರಸ್ತೆ ದಾಟಿ ಮಷೀನಿನ ಹತ್ತಿರ ಬಂದ. ಬ್ಲೇಡು ಕಳಚಿ ಮಂಕು ಮುಖ ಮುಂದೆ ಮಾಡಿ ಹಾಕಿದ. ಜಾಲರಿ ಕೂರಿಸಿದ. ಮಷೀನು ಗುಂಯ್‌ಗುಟ್ಟಿತು. ಟಿಕೆಟ್ ಹಾಳೆ ಹಿಡಿದರೆ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಗಾಳಿ.

ಜನ ಸೇರತೊಡಗಿದ್ದರು. ಇನ್‌ಸ್ಪೆಕ್ಟರ್ ಮತ್ತೆ ಬಂದ. ಎಲ್ಲರಿಗೂ ಕೇಳುವಂತೆ, ಸ್ವಲ್ಪ ಗಟ್ಟಿಯಾಗಿಯೇ, ತನ್ನ ಮನೆಯ ಫ್ರಿಜ್ಜು ಯಾಕೋ ಸದ್ದು ಮಾಡುತ್ತಿದೆ, ನಾಳೆ ಬಂದು ನೋಡುತ್ತೀಯಾ ಎಂದು ಅಳಿಯನನ್ನು ಕೇಳಿದ. ಜೋರಾಗಿ ಹೇಳಿದ್ದು ಬೇಕೆಂತಲೇ. ಹುಡುಗ ಒಳ್ಳೆಯವನು ಎಂದು ಮೊದಲೇ ಹೇಳಿದೆನಲ್ಲ. ಅಳಿಯ ಬರುತ್ತೇನೆ ಎಂದ. ಬೇರೇನೂ ಹೇಳಲಿಲ್ಲ, ಕೇಳಿದ್ದು ಅಷ್ಟೇ ತಾನೆ. ಆದರೆ ಅವನ ಕಣ್ಣು ತುಂಬಿತ್ತು.

ಬಾಗಿಲು ತೆರೆಯುವ ಹೊತ್ತಾಗಿತ್ತು. ಕೌಂಟರಿನಲ್ಲಿ ಕೂತು ಟಿಕೆಟ್ ಜೋಡಿಸುತ್ತಿದ್ದೆ. ಅಳಿಯ ಬಂದು ನಿಂತ.

"ಅತ್ತೆ, ಮಷೀನು ಸಾಕಷ್ಟು ಹೊತ್ತು ಓಡ್ತು. ಬಂದು ಕೈ ಇಡಿ."

ಎದ್ದು ಹೋದೆ. ಗೊಣಗಲಿಲ್ಲ. ಕಂಪ್ರೆಸರಿನ ಕಪ್ಪು ಬೆನ್ನ ಮೇಲೆ ಪೂರ್ತಿ ಅಂಗೈ ಇಟ್ಟೆ. ಬೆಚ್ಚಗಿತ್ತು. ಬೇಗ ತೆಗೆಯಬೇಕು ಅನಿಸಲಿಲ್ಲ.

ವಾಪಸು ಬಂದು ಚೀಲದಿಂದ ನನ್ನ ಮನೆಯ ಇನ್ನೊಂದು ಬೀಗದ ಕೈ ತೆಗೆದು ಅವನ ಮುಂದೆ ಇಟ್ಟೆ.

"ನನ್ನ ಫ್ರಿಜ್ ಬಾಗಿಲು ಸರಿಯಾಗಿ ಕೂರ್ತಿಲ್ಲ. ನಾಳೆ ನಾನಿಲ್ಲಿರ್ತೀನಿ. ನೀನೇ ಹೋಗಿ ನೋಡು."

ಅವನು ಬೀಗದ ಕೈಯನ್ನು ನೋಡಿದ, ನನ್ನನ್ನು ನೋಡಿದ.

"ನೀವಿಲ್ದೆ ಇದ್ರೆ, ಕೊನೆಗೆ ಕೈ ಇಟ್ಟು ನೋಡೋರು ಯಾರು ಅತ್ತೆ?"

"ಬೇಕಾಗಿಲ್ಲ, ಹೋಗು" ಎಂದು ಕಿಟಕಿಯಾಚೆ ನಿಂತಿದ್ದವರಿಗೆ ಮೊದಲ ಟಿಕೆಟ್ ಹರಿದುಕೊಟ್ಟೆ.